ನೀರು ಬಟ್ಟೆಗೆ, ಎಲೆಗಲ್ಲ

“ಕಿತ್ತ ಮೂಲಂಗಿ ತಿರಗಿ ಚಿಗತರ ಈ ಮಗಾ ಬಿ.ಎ. ಆಗ್ತಾನ” ಎಂದವನು ನಮ್ಮ ದೊಡ್ಡಪ್ಪ. ಸುರಪುರದ ನಮ್ಮ ಓಣಿಯ ಬೇವಿನ ಕಟ್ಟೆಯ ಮೇಲೆ ಕುಳಿತು, ನಾಲ್ಕು ಜನರ ಮುಂದೆ, ನನಗೆ ಕೇಳಿಸಲೆಂದೇ ಅಂದ. ಜನ ನಕ್ಕರು. ನಗದೆ ಉಳಿದವಳು ಒಬ್ಬಳೇ, ಕಟ್ಟೆಯ ಕೆಳಗೆ ಒದ್ದೆ ಗೋಣಿ ಹಾಸಿಕೊಂಡು ಹಕ್ಕರಕಿ ಸೊಪ್ಪಿನ ಸೂಡು ಕಟ್ಟುತ್ತಿದ್ದ ಮುದುಕಿ. ಆಕೆಯ ಹಣೆಯ ಮೇಲೆ ಆಗಿನ್ನೂ ಮಾಯದ ಗಾಯವಿತ್ತು. ಆ ಗಾಯ ಮಾಡಿದವನು ನಾನು.

ನಾನು ಬಿ.ಎ. ಆದೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲಿಗ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪುಕ್ಕಟೆ ಬಂದದ್ದಲ್ಲ ಅದು. ಆದರೆ ನಾನು ಬರೆಯಲು ಕುಳಿತದ್ದು ಆ ಮುದುಕಿಯ ಬಗ್ಗೆ.

ಆಕೆಯ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಕರೆದವರಿಗೆ ಆಕೆ ಓ ಎಂದದ್ದನ್ನು ನಾನು ನೋಡಿಲ್ಲ. ಓಣಿಯ ಮಕ್ಕಳಿಗೆ ಆಕೆ ಆಯಿ, ದೊಡ್ಡವರಿಗೆ ‘ತಪ್ಪಲದಾಕಿ’, ಸೊಪ್ಪು ಮಾರುವವಳು. ದೊಡ್ಡಪ್ಪನಿಗೆ ಅದೂ ಇಲ್ಲ, ಬರೀ ‘ಅಕಿ’.

ಮೊನ್ನೆ ನನ್ನ ಸೊಸೆ ಫ್ರಿಜ್ಜಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದಳು. ಒಳಗಿನ ಮೆಂತ್ಯ ಲೋಳೆಯಾಗಿತ್ತು. “ತೊಳದ ಇಟ್ಟಿದ್ದೆ ಮಾವಾ, ಎರಡ ದಿನಕ್ಕ ಹಿಂಗಾಗೇದ ನೋಡ್ರಿ” ಅಂದಳು. ನನ್ನ ಎಡಗೆನ್ನೆ ಚುರ್ ಎಂದಿತು. ಎಷ್ಟೋ ವರ್ಷಗಳ ಹಿಂದೆ ಇದೇ ತಪ್ಪಿಗೆ ಆ ಕೆನ್ನೆಯ ಮೇಲೆ ಬಿದ್ದ ಏಟು ಅದು.

ಆಗ ನಾನು ಉರ್ದು ಶಾಲೆಯ ಐದನೆಯ ಜಮಾತಿನಲ್ಲಿದ್ದೆ. ನಿಜಾಮನ ರಾಜ್ಯದಲ್ಲಿ ನಮಗೆ ಅದೇ ಶಾಲೆ. ನಮ್ಮ ಮನೆಗೂ ಆಯಿಯ ಹಿತ್ತಲಕ್ಕೂ ನಡುವೆ ಮೊಣಕಾಲೆತ್ತರದ ಗೋಡೆ. ಆ ಹಿತ್ತಲದ ಬಾವಿಯ ಸುತ್ತ ನಾಲ್ಕು ಮಡಿ: ಹಕ್ಕರಕಿ, ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು; ಬೇಲಿಯ ಮೇಲೆ ಸೌತೆಯ ಬಳ್ಳಿ. ಎಲ್ಲವೂ ರೊಟ್ಟಿಯ ಜೊತೆ ಹಸಿಯಾಗಿ ಕಚ್ಚಿ ತಿನ್ನುವಂಥವು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಮುಂಜಾನೆ ಕಿತ್ತ ಹಕ್ಕರಕಿ ಮಧ್ಯಾಹ್ನದ ಊಟದ ಹೊತ್ತಿಗೆ ಅರಿವೆಯ ಚೂರಾಗಿರುತ್ತದೆ. ಆಯಿಯ ಹಕ್ಕರಕಿ ಮೂರು ದಿನ ಬಾಳುತ್ತಿತ್ತು. ಎತ್ತಿನ ಬಂಡಿಯಲ್ಲಿ ಶಹಾಪುರ ದಾಟಿ ಯಾದಗಿರಿಯ ಸಂತೆಗೆ ಹೋದರೂ ಕಚ್ಚಿದರೆ ಕರುಂ ಎನ್ನುತ್ತಿತ್ತು.

ಅದರ ಗುಟ್ಟು ಹಿತ್ತಲದ ಮೂಲೆಯ ಒಂದು ತಗ್ಗು ಕೋಣೆ. ಬಗ್ಗಿ ಹೋಗಬೇಕು. ನೆಲದ ತುಂಬ ಹೊಳೆಯ ಉಸುಕು, ಉಸುಕಿನಲ್ಲಿ ಕುತ್ತಿಗೆಯವರೆಗೆ ಹೂತ ಮಣ್ಣಿನ ಗಡಿಗೆಗಳು. ಸೂರ್ಯ ತಾಕುವ ಮೊದಲೇ ಕೀಳುವುದು, ತೊಳೆಯದೆ ಇಡುವುದು, ಜಜ್ಜಿದ ಒಂದು ಎಲೆಯನ್ನೂ ಒಳಗೆ ಬಿಡದಿರುವುದು. ಮೂಲಂಗಿಯ ತಪ್ಪಲನ್ನು ಬೆರಳಗಲ ಬಿಟ್ಟು ಕತ್ತರಿಸುವುದು. ಕತ್ತರಿಸದೆ ಇಟ್ಟರೆ ಎಲೆಗಳು ಗಡ್ಡೆಯ ನೀರನ್ನೇ ಕುಡಿಯುತ್ತವೆ. ಹಳೆಯ ಧೋತರದ ತುಂಡನ್ನು ನೆನೆಸಿ, ಒಂದು ಹನಿ ತೊಟ್ಟಿಕ್ಕದಂತೆ ಹಿಂಡಿ, ಅದರಲ್ಲಿ ಸುತ್ತಿ ಗಡಿಗೆಗೆ ಇಳಿಸುವುದು. ಮೇಲೆ ಒದ್ದೆ ಗೋಣಿ. ನೀರು ಹಾಕುವುದು ಉಸುಕಿಗೆ ಮತ್ತು ಗೋಣಿಗೆ ಮಾತ್ರ.

ನಾನು ಒಳ್ಳೆಯದು ಮಾಡಲು ಹೋಗಿ ಒಂದು ದಿನ ಒಂದು ಬುಟ್ಟಿ ಹಕ್ಕರಕಿಯನ್ನು ತೊಳೆದಿಟ್ಟೆ. ಮರುದಿನ ಗಡಿಗೆ ತೆಗೆದ ಆಯಿ ಏನೂ ಕೇಳಲಿಲ್ಲ, ಬಾರಿಸಿದಳು.

“ಭಾಡ್ಯಾ, ಎಲಿಗಿ ನೀರು ಕುಡಿಸಿದೇನು? ನೀರು ಬಟ್ಟಿಗಿ, ಎಲಿಗಲ್ಲ! ಕಿತ್ತದ್ದು ಸತ್ತಿಲ್ಲೋ, ಇನ್ನಾ ಉಸರಾಡತೈತಿ. ಮೂಗ ಮುಚ್ಚಿ ಕೊಂದಿ ನೋಡು.”

ಆಕೆಯ ಪಾಠವೆಲ್ಲ ಕೈಯಿಂದಲೇ. ಮಡಿಗೆ ನುಗ್ಗಿದ ಆಡಿಗೂ ಏಟು, ಆಡಿನ ಒಡೆಯನಿಗೂ ಏಟು. ಸೌತೆಕಾಯಿಗೆ ಉಗುರು ಊರಿ ಎಳಸು ನೋಡಿದ ಶಹಾಪುರದ ವ್ಯಾಪಾರಿಯೊಬ್ಬನಿಗೆ ಅದೇ ಸೌತೆಕಾಯಿಯಿಂದ ತಲೆಯ ಮೇಲೆ ಬಿಟ್ಟಳು. “ಈಗ ಗೊತ್ತಾತೇನು, ಎಳೀದೋ ಬಲತದ್ದೋ?” ಅಂದಳು. ಅವನು ಪೇಟ ಸರಿಮಾಡಿಕೊಂಡು “ಎಳೀದ ಐತಿ ಬಿಡವಾ, ಬಲತಿದ್ರ ಸತ್ತಿರ್ತಿದ್ದೆ” ಎಂದು ಬುಟ್ಟಿಯನ್ನೇ ಕೊಂಡೊಯ್ದ. ಆಕೆ ಕೃಷ್ಣೆಯ ದಂಡೆಯ ಕಡೆಯವಳು. ಗಂಡ ಹರಿಗೋಲು ಹಾಕುತ್ತಿದ್ದ, ಹೊಳೆಗೇ ಹೋದ. ಹೊಳೆ ಬಿಟ್ಟು ಬರುವಾಗ ಆಕೆ ತಂದದ್ದು ಎರಡೇ: ಒಂದು ಕುಡುಗೋಲು ಮತ್ತು ಒದ್ದೆ ಉಸುಕಿನಲ್ಲಿ ಏನನ್ನಾದರೂ ಬದುಕಿಸುವ ವಿದ್ಯೆ.

ಗದ್ದಲದ ವರ್ಷ ನಮ್ಮ ಓಣಿಗೆ ಮಟಮಟ ಮಧ್ಯಾಹ್ನ ಬಂತು. ನಿಜಾಮನ ಪರವಾಗಿ ಬಂದೂಕು ಹಿಡಿದ ಒಂದು ದಂಡು ಮನೆಮನೆಯ ಜೋಳದ ಚೀಲಗಳನ್ನು ಹೊರಿಸುತ್ತಿತ್ತು. ನಮ್ಮಪ್ಪ ಬಾಗಿಲಿಗೆ ಅಡ್ಡ ನಿಂತ. “ಬೀಜದ ಜೋಳಾ ಅದಾವ್ರಿ, ಅವನ್ನ ಬಿಡ್ರಿ” ಎಂದ. ಅಷ್ಟೇ ಅಂದದ್ದು. ಎದೆಗೆ ಹೊಡೆದರು. ನಾನು ಮೂರು ಮಾರು ದೂರದಲ್ಲಿದ್ದೆ.

ಗೋಡೆ ಜಿಗಿದು ಮೊದಲು ಬಂದವಳು ಆಯಿ. ಕೈಯಲ್ಲಿ ಆಗಷ್ಟೇ ಹಿಂಡಿದ ಒದ್ದೆ ಧೋತರದ ತುಂಡುಗಳು. ಅವನ್ನು ಅಪ್ಪನ ಎದೆಗೆ ಒತ್ತಿ ಹಿಡಿದಳು. ಒಂದು ತುಂಡು ರಕ್ತದಲ್ಲಿ ತೋಯ್ದರೆ ಮತ್ತೊಂದು. “ಉಸರಾಡೋ ತಮ್ಮಾ, ಉಸರಾಡು” ಎನ್ನುತ್ತಿದ್ದಳು. ಐದನೆಯ ತುಂಡಿಗೆ ಅಪ್ಪನ ಉಸಿರು ನಿಂತಿತು. ಆ ಬಟ್ಟೆಗಳನ್ನು ಆಕೆ ಸಂಜೆ ಬಾವಿಯ ಬಳಿ ಒಗೆದು, ಮರುದಿನ ಮತ್ತೆ ಸೌತೆಕಾಯಿಗೆ ಸುತ್ತಿದಳು. ಬೇರೆ ಬಟ್ಟೆ ಇರಲಿಲ್ಲ. ನಮ್ಮವ್ವ ಅಂದಿನಿಂದ ಆ ಹಿತ್ತಲದ ಸೌತೆಕಾಯಿ ಬಾಯಿಗಿಡಲಿಲ್ಲ.

ಅಪ್ಪನನ್ನು ಮಣ್ಣು ಮಾಡಿದ ದಿನ ನನ್ನ ಶಾಲೆಯ ಮಾಸ್ತರ ಸಾಹೇಬರು ಬಾಗಿಲಿಗೆ ಬಂದು ನಿಂತು ಅತ್ತರು. ದೊಡ್ಡಪ್ಪ ಅವರ ಕಾಲ ಬಳಿ ಉಗುಳಿದ. “ನಿಮ್ಮವರು ಹೊಡದು ನೀವು ಅಳ್ತೀರೇನು?” ಅಂದ. ಸಾಹೇಬರು ಹೊರಟುಹೋದರು. ಅವರು ಕೈಯಲ್ಲಿ ಸೀಮೆಸುಣ್ಣವಲ್ಲದೆ ಬೇರೆ ಏನೂ ಹಿಡಿದವರಲ್ಲ. ನನ್ನಂಥವನನ್ನು ಏಳನೆಯ ಜಮಾತಿನವರೆಗೆ ಎಳೆದು ತಂದವರು.

ಆಮೇಲೆ ಸೈನ್ಯ ಬಂತು, ನಿಜಾಮನ ರಾಜ್ಯ ಮುಗಿಯಿತು. ಹಾಗೆಂದು ಕತ್ತಿಗಳು ಮುಗಿಯಲಿಲ್ಲ, ಕೈ ಬದಲಾಯಿತು. ಈ ಸಲ ಹಿಡಿದವರು ನಮ್ಮವರು. ಶಾಲೆಗೆ ಬೆಂಕಿ ಹಚ್ಚಿದರು. ರಿಜಿಸ್ಟರುಗಳು, ನಕಾಶೆಗಳು, ನನ್ನ ಹೆಸರು ಇದ್ದ ಹಾಜರಿ ಪುಸ್ತಕ, ಎಲ್ಲ ಬೂದಿಯಾಯಿತು. ಸಾಹೇಬರು ಓಡುತ್ತ ಆಯಿಯ ಹಿತ್ತಲಕ್ಕೆ ಬಿದ್ದರು. ಮೆಂತ್ಯದ ಮಡಿ ತುಳಿದದ್ದಕ್ಕೆ ಆಕೆ ಅವರ ಬೆನ್ನಿಗೊಂದು ಗುದ್ದಿದಳು, ಅದೇ ಗುದ್ದಿನಲ್ಲಿ ತಗ್ಗು ಕೋಣೆಯೊಳಗೆ ನೂಕಿ ಬಾಗಿಲು ಎಳೆದಳು.

ಕೊಡಲಿ ಹಿಡಿದು ಆರು ಜನ ಬಂದರು. ಮುಂದೆ ದೊಡ್ಡಪ್ಪ. ನಾನು ಗೋಡೆಯ ಈಚೆ ನಿಂತಿದ್ದೆ.

“ಅವನ್ನ ಹೊರಗ ಹಾಕು.”

“ಒಳಗ ಪಲ್ಯಾ ಅದಾವ. ಬಿಸಿಗಾಳಿ ಹೋಗ್ತೈತಿ, ಬಾಗಲಾ ತಗಿಯಂಗಿಲ್ಲ.”

“ನನ್ನ ತಮ್ಮನ್ನ ಕೊಂದಾರ! ನಿನ್ನ ಕಣ್ಣಿಗಿ ಕಂಡಿಲ್ಲೇನು?”

“ಅವನ ಎದಿ ಒತ್ತಿ ಹಿಡದಾಕಿ ನಾ. ಗುಂಡು ಹೊಡದಾಂವ ಯಾರಂತ ನಾ ನೋಡೀನಿ. ಈ ಮಾಸ್ತರ ಅಲ್ಲ. ಹೊಡದಾಂವನ್ನ ಹುಡುಕಾಕ ದಮ್ಮಿಲ್ಲ, ಬರೆಯಾಕ ಕಲಸಿದಾಂವನ್ನ ಕೊಲ್ಲಾಕ ಬಂದೀರಿ.”

ದೊಡ್ಡಪ್ಪ ಅಗಳಿಗೆ ಕೈ ಹಾಕಿದ. ಕುಡುಗೋಲು ಬಂದದ್ದು ನನಗೆ ಕಾಣಲಿಲ್ಲ. ಮಣಿಕಟ್ಟಿನಿಂದ ಮೊಣಕೈವರೆಗೆ ತೋಳು ಬಾಯಿ ತೆರೆಯಿತು. ಅವನು ಕೂತ. ಉಳಿದ ಐವರು ಒಂದು ಹೆಜ್ಜೆ ಹಿಂದೆ ಸರಿದರು. ಆಯಿ ಸೊಂಟದಲ್ಲಿದ್ದ ಒದ್ದೆ ಬಟ್ಟೆಯನ್ನು ಅವನ ಮುಖದ ಮೇಲೆ ಎಸೆದಳು.

“ಸುತ್ತಿಕೋ. ಹಿಂಡಿ ಸುತ್ತಿಕೋ.”

“ನಾಳಿಗೆ ನಿನ್ನ ಮನಿ ಇರಂಗಿಲ್ಲ” ಎಂದು ಅವನು ಹಲ್ಲು ಕಚ್ಚಿದ. ಹಾಗೆ ಹೇಳುತ್ತಲೇ ಸುತ್ತಿಕೊಂಡ.

ನಾನು ಯಾರ ಕಡೆ? ಸತ್ತವನು ನನ್ನಪ್ಪ. ಕೈ ಕಡಿಸಿಕೊಂಡವನು ನನ್ನಪ್ಪನ ಅಣ್ಣ. ಆದರೂ ನಾನು ಗೋಡೆ ದಾಟಿ ಆಯಿಯ ಕಡೆಗೆ ಹೋದೆ. ಇದಕ್ಕೆ ಕಾರಣ ಕೊಡಲು ಇವತ್ತಿಗೂ ನನಗೆ ಬರುವುದಿಲ್ಲ.

ಆ ಸಂಜೆ ತಗ್ಗು ಕೋಣೆಯ ಒದ್ದೆ ಉಸುಕಿನ ಮೇಲೆ ಕುಳಿತು ಸಾಹೇಬರು ಶೇರವಾನಿಯ ಜೇಬಿನಿಂದ ಶಾಲೆಯ ಮೊಹರು ತೆಗೆದರು. ಅದೊಂದು ಅವರ ಕೈಯಲ್ಲಿ ಉಳಿದಿತ್ತು. ನೀಲಿ ಶಾಯಿಯಲ್ಲಿ ನನ್ನ ಸನದು ಬರೆದರು: ಇಂಥವನ ಮಗ ಇಂಥವನು ಏಳನೆಯ ಜಮಾತು ಪಾಸು.

“ರಿಜಿಸ್ಟರ್ ಸುಟ್ಟದ ಬೇಟಾ. ಈ ಕಾಗದ ಇಲ್ಲಂದ್ರ ನೀ ಓದೇ ಇಲ್ಲ. ಜೀವದ ಹಂಗ ಇಟಗೋ.”

ಮರುದಿನ ನಸುಕಿನಲ್ಲಿ ಬಂಡಿ ಕಟ್ಟಿದೆವು. ಅಡಿಯಲ್ಲಿ ಸಾಹೇಬರು, ಮೇಲೆ ಮೂಲಂಗಿ, ಅದರ ಮೇಲೆ ಹಕ್ಕರಕಿ, ಒದ್ದೆ ಬಟ್ಟೆ, ಒದ್ದೆ ಗೋಣಿ. ಆಯಿ ಬಂಡಿ ಹೊಡೆಯುತ್ತಿದ್ದಳು, ನಾನು ಪಕ್ಕದಲ್ಲಿ ನಡೆಯುತ್ತಿದ್ದೆ. ಶಹಾಪುರ ಇನ್ನೂ ಅರ್ಧ ಹರದಾರಿ ಇರುವಾಗ ಎಂಟು ಹತ್ತು ಜನ ಅಡ್ಡಗಟ್ಟಿದರು. ಗೋಣಿ ಕಿತ್ತೆಸೆದು ಒಬ್ಬ ಭರ್ಚಿಯಿಂದ ತಪ್ಪಲಿನೊಳಗೆ ತಿವಿಯತೊಡಗಿದ. ಮೊದಲ ಎರಡು ಸಲ ಹಲಗೆಯ ಸದ್ದು ಬಂತು. ಮೂರನೆಯ ಸಲ ಸದ್ದು ಬರಲಿಲ್ಲ.

ಅವನು ಭರ್ಚಿ ಎಳೆಯುವ ಮೊದಲೇ ಆಯಿ ಹಾರಿ ಹಿಡಿದಳು. ತಾನೇ ಕಿತ್ತು, ಕೆಂಪು ಸೀರೆಯ ಸೆರಗಿಗೆ ಒರೆಸಿ, ಅವನ ಎದೆಗೆ ನೂಕಿದಳು. ಇನ್ನೊಂದು ಕೈಯಿಂದ ಅವನ ಕಪಾಳಕ್ಕೆ ಬಾರಿಸಿದಳು.

“ನಿಮ್ಮವ್ವ ಚುಚ್ಚಿದ ಮೂಲಂಗಿ ತಿಂತಾಳೇನೋ? ಚುಚ್ಚಿದ್ದು ತಾಸಿನಾಗ ಕೊಳೀತೈತಿ! ಯಾದಗಿರಿಯಾಗ ನಿನ್ನ ಹೆಣಾ ಮಾರ್ಲೇನು?”

ಉಳಿದವರು ಗೊಳ್ಳೆಂದರು. ಏಟು ತಿಂದವನು ಕೆನ್ನೆ ಹಿಡಿದುಕೊಂಡ. ಅಷ್ಟರಲ್ಲಿ ಬಂಡಿಯ ಹಲಗೆಯ ಸಂದಿಯಿಂದ ಒಂದು ಹನಿ ಧೂಳಿಗೆ ಬಿದ್ದದ್ದನ್ನು ನಾನು ಕಂಡೆ. ಇನ್ನೊಂದು ಹನಿ. ಆಯಿಯೂ ಕಂಡಳು. ಕುಡಿಯುವ ನೀರಿನ ಕೊಡ ಎತ್ತಿ, ಬಟ್ಟೆಯ ಮೇಲಲ್ಲ, ಗೋಣಿಯ ಮೇಲಲ್ಲ, ನೇರ ಎಲೆಗಳ ಮೇಲೆ ಸುರಿದಳು. “ಬಿಸಲಿಗಿ ಬಾಡಾಕತ್ತಾವ, ಬಾಡಾಕತ್ತಾವ” ಎಂದು ಬೈಯುತ್ತ ಕೊಡ ಬರಿದು ಮಾಡಿದಳು. ಹಲಗೆಯಿಂದ ನೀರು ದಳದಳ ಇಳಿದು ಧೂಳು ಕೆಸರಾಯಿತು. ಕೆಸರಿಗೆ ಯಾವ ಬಣ್ಣವೆಂದು ಯಾರೂ ಬಗ್ಗಿ ನೋಡಲಿಲ್ಲ. ಆಕೆ ತನ್ನ ನೇಮ ಮುರಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಶಹಾಪುರ ದಾಟಿದ ಮೇಲೆ ತಪ್ಪಲು ಸರಿಸಿದೆವು. ಭರ್ಚಿ ತೊಡೆಗೆ ಇಳಿದಿತ್ತು. ಸಾಹೇಬರ ಬಾಯಲ್ಲಿ ಒಂದು ಮೂಲಂಗಿ, ಕೂಗು ಹೊರಬರದಂತೆ ಅಡ್ಡ ಕಚ್ಚಿಕೊಂಡಿದ್ದರು. ಹಲ್ಲುಗಳು ಅದರಲ್ಲಿ ಹೂತುಹೋಗಿದ್ದವು. ಆಯಿ ತೊಡೆಗೆ ಬಟ್ಟೆ ಬಿಗಿದಳು. ಮರುದಿನ ಯಾದಗಿರಿಯ ಸ್ಟೇಶನ್ನಿನಲ್ಲಿ ನನ್ನ ಹೆಗಲ ಮೇಲೆ ಭಾರ ಹಾಕಿ ರೈಲು ಹತ್ತಿದರು. ಅವರಿಂದ ಒಂದು ಕಾಗದವೂ ಬರಲಿಲ್ಲ. ಎಲ್ಲಿಗೆ ಹೋದರೋ, ಇದ್ದರೋ, ತಿಳಿಯಲಿಲ್ಲ.

ತಿರುಗಿ ಬಂದಾಗ ಆಯಿಯ ಮನೆಯ ಚಾವಣಿ ಸುಟ್ಟು ಬಿದ್ದಿತ್ತು. ಯಾರು ಹಚ್ಚಿದರೆಂದು ಕೇಳುವ ಅಗತ್ಯವಿರಲಿಲ್ಲ. ಆಕೆ ಬೂದಿಯ ಮೇಲೆ ನಡೆದು ನೇರ ತಗ್ಗು ಕೋಣೆಗೆ ಹೋದಳು. ಅದರ ಮಾಡೂ ಬೆಂದಿತ್ತು. ಆದರೆ ಉಸುಕು ತಣ್ಣಗಿತ್ತು, ಗಡಿಗೆಯೊಳಗಿನ ಹಕ್ಕರಕಿ ಹಸಿರಾಗಿತ್ತು. ಒಂದೆಲೆ ಕಿತ್ತು ಬಾಯಿಗಿಟ್ಟುಕೊಂಡು ಅಗಿದಳು. ನನ್ನ ಕಡೆ ಕೈ ಚಾಚಿದಳು.

“ತಾ ನಿನ್ನ ಸನದಾ. ನಿಮ್ಮ ಮನಿಯೂ ನಾಳಿ ಸುಡಬಹುದು. ಊರಾಗ ಬೆಂಕಿ ಹತ್ತಲಾರದ ಜಾಗಾ ಇದೊಂದ.”

ಕೊಟ್ಟೆ. ಬೇಸಿಗೆ ಕಳೆದು ಕನ್ನಡ ಶಾಲೆ ತೆರೆಯಿತು. ಹೆಸರು ಹಚ್ಚಲು ಸನದು ಬೇಕೆಂದರು. ಓಡಿ ಬಂದು ಆಯಿಯ ಮುಂದೆ ನಿಂತೆ. ಆಕೆ ಗಡಿಗೆಯಿಂದ ಗಂಟು ತೆಗೆದು ಬಿಚ್ಚಿದಳು. ಅಷ್ಟು ತಿಂಗಳೂ ದಿನಕ್ಕೆರಡು ಸಲ ಬಟ್ಟೆ ನೆನೆಸಿ, ಹಿಂಡಿ, ಹೊಸದಾಗಿ ಸುತ್ತಿದ್ದಳು. ಸೌತೆಕಾಯಿಗೆ ಮಾಡುವಷ್ಟೇ ಜೋಪಾನ. ಬಟ್ಟೆ ತುಂಬ ನೀಲಿಯಾಗಿತ್ತು. ಕಾಗದ ಬೆಳ್ಳಗಿತ್ತು, ನಡುವೆ ಮೊಹರಿನ ಮಸುಕು ವರ್ತುಲ.

“ಕಾಗದಕ್ಕ ನೀರು ಹಾಕಿಲ್ಲೋ” ಎಂದಳು. “ಬಟ್ಟಿಗಷ್ಟ ಹಾಕೀನಿ.”

ಅಲ್ಲಿ ಒಂದು ಒನಕೆ ಇತ್ತು. ನಾನು ಗಡಿಗೆಗಳನ್ನು ಒಡೆದೆ. ಒಂದೊಂದಾಗಿ, ಎಲ್ಲವನ್ನೂ. ಅಡ್ಡ ಬಂದವಳನ್ನು ನೂಕಿದೆ, ಆಕೆಯ ಹಣೆ ಬಾಗಿಲ ಚೌಕಟ್ಟಿಗೆ ಬಡಿಯಿತು. ರಕ್ತ ಕಣ್ಣಿಗಿಳಿಯಿತು. ಕುಡುಗೋಲು ಆಕೆಯ ಸೊಂಟದಲ್ಲೇ ಇತ್ತು. ಊರಿಗೆಲ್ಲ ಕೈ ಎತ್ತಿದವಳು ಆ ದಿನ ನನ್ನ ಮೇಲೆ ಎತ್ತಲಿಲ್ಲ. ಕೂತುಕೊಂಡು ಬೋಕಿಗಳ ನಡುವಿನಿಂದ ಎಲೆಗಳನ್ನು ಆರಿಸಿ ಸೆರಗಿಗೆ ಹಾಕತೊಡಗಿದಳು.

“ಪಲ್ಯಾ ಏನು ಮಾಡಿತ್ತೋ ನಿನಗ? ಬೆಂಕಿಗಂಜಿ ನೀರಾಗ ಇಟ್ಟೆ. ತಪ್ಪು ನಂದು.”

ಬಿಳಿ ಕಾಗದವನ್ನೇ ಒಯ್ದು ಹೆಡ್‌ಮಾಸ್ತರರಿಗೆ ಕೊಟ್ಟೆ. ಅವರು ಬೆಳಕಿಗೆ ಹಿಡಿದು ನೋಡಿದರು. “ಮೊಹರಷ್ಟ ಐತಿ ತಮ್ಮಾ. ಮೊಹರಿಗಿ ಯಾವ ಕ್ಲಾಸು ಕೊಡ್ಲಿ?” ಅಂದರು. ಆ ಮಾತು ಊರೆಲ್ಲ ಹಬ್ಬಿತು. ದೊಡ್ಡಪ್ಪ ಕಟ್ಟೆಯ ಮೇಲೆ ಮೂಲಂಗಿಯ ಮಾತು ಆಡಿದ್ದು ಆಗಲೇ.

ವಾರ ಕಳೆದಿರಲಿಲ್ಲ. ಅದೇ ಕಟ್ಟೆಗೆ ಆಯಿ ಒಂದು ಬೋಕಿ ಹಿಡಿದು ಬಂದಳು. ಒಡೆದ ಗಡಿಗೆಯ ತಳ ಅದು, ತುಂಬ ಉಸುಕು. ಉಸುಕಿನಲ್ಲಿ ನಿಂತ ಒಂದು ಮೂಲಂಗಿಯ ನೆತ್ತಿಯಲ್ಲಿ, ಬೆರಳಗಲ ಬಿಟ್ಟು ಕತ್ತರಿಸಿದ ಕಡೆಯೇ, ಎರಡು ಎಳೆ ಎಲೆ. ದೊಡ್ಡಪ್ಪನ ತೊಡೆಯ ಮೇಲೆ ಇಟ್ಟಳು.

“ಕಿತ್ತು ಹದಿನೈದು ದಿನಾ ಆಗೈತಿ. ಚಿಗತೈತಿ. ಮುಂದ ಮಾತಾಡು.”

ಆಕೆ ನನ್ನ ಕಿವಿ ಹಿಂಡಿಕೊಂಡು ಶಾಲೆಯವರೆಗೆ ಎಳೆದೊಯ್ದಳು. “ಇವಂಗ ಸನದಿಲ್ರಿ. ನಾ ಕೊಳಿಸೀನಿ. ಎಲ್ಲಿಂದ ಕುಂದರಸ್ತೀರಿ ಕುಂದರಸ್ರಿ, ಮೊದಲಿಂದ ಓದ್ತಾನ” ಎಂದಳು. ಹೆಡ್‌ಮಾಸ್ತರರು ನಾಲ್ಕನೆಯ ವರ್ಗ ತೋರಿಸಿದರು. ಮೀಸೆ ಮೂಡುತ್ತಿದ್ದವನು ಮೂಗು ಸುರಿಸುವ ಮಕ್ಕಳ ನಡುವೆ ಕುಳಿತು ಕನ್ನಡದ ಕಾಗುಣಿತ ತಿದ್ದಿದೆ. ಮನೆಯಲ್ಲಿ ಗಟ್ಟಿಯಾಗಿ ಓದಬೇಕಿತ್ತು. ಆಯಿಗೆ ಓದು ಬಾರದು, ಆದರೆ ದನಿ ನಿಂತರೆ ಗೊತ್ತಾಗುತ್ತಿತ್ತು. ನಿಂತರೆ ಗೋಡೆಯಾಚೆಯಿಂದ ಮಣ್ಣಹೆಂಟೆ ಬರುತ್ತಿತ್ತು. ಆಕೆಯ ಗುರಿ ಒಳ್ಳೆಯದು. ನಾನು ಎರಡೆರಡು ವರ್ಗ ಒಂದೇ ವರ್ಷದಲ್ಲಿ ದಾಟಿದ್ದರಲ್ಲಿ ಅರ್ಧ ಪಾಲು ಆ ಹೆಂಟೆಗಳದು.

ಮೆಟ್ರಿಕ್ ಮುಗಿಸಿ ಕಾಲೇಜಿಗೆಂದು ಕಲಬುರ್ಗಿಗೆ ಹೋದೆ. ಊರಿನವರು ಬಂದಾಗಲೆಲ್ಲ ಒಂದು ಗಂಟು ಬರುತ್ತಿತ್ತು. ಬಿಚ್ಚಿದರೆ ಒಳಗೆ ಮೂರು ದಿನದ ಹಕ್ಕರಕಿ, ಮುಟ್ಟಿದರೆ ಮುರಿಯುವಷ್ಟು ಹಸಿ. ಸುತ್ತಿದ ಧೋತರದ ತುಂಡಿನ ಮೇಲೆ ಒಗೆದರೂ ಹೋಗದ ನೀಲಿ ಕಲೆ. ಸಹಪಾಠಿಗಳು ಅದೇನೆಂದು ಕೇಳಿದರೆ “ನನ್ನ ಏಳನೇ ಕ್ಲಾಸಿನ ಸರ್ಟಿಫಿಕೇಟು” ಎನ್ನುತ್ತಿದ್ದೆ. ಅವರು ನಗುತ್ತಿದ್ದರು, ಎಲೆಗಳಿಗೆ ಮಾತ್ರ ಕೈ ಹಾಕದೆ ಬಿಡುತ್ತಿರಲಿಲ್ಲ.

ಕನ್ನಡದ ಸೀಮೆಗಳು ಒಂದಾದ ಮರುವರ್ಷ ಬಿ.ಎ. ಸರ್ಟಿಫಿಕೇಟು ಹಿಡಿದು ಸುರಪುರದಲ್ಲಿ ಬಸ್ಸಿಳಿದೆ. ಮನೆಗೂ ಹೋಗಲಿಲ್ಲ. ಬೇವಿನ ಕಟ್ಟೆಯ ಕೆಳಗೆ ಆಯಿ ಸೂಡು ಕಟ್ಟುತ್ತಿದ್ದಳು, ಮೇಲೆ ದೊಡ್ಡಪ್ಪ. ಸುದ್ದಿ ಕೇಳಿ ಅವ್ವ ಓಡಿ ಬಂದಳು.

ಸರ್ಟಿಫಿಕೇಟನ್ನು ಆಯಿಯ ಮುಂದೆ ಹಿಡಿದೆ. ಆಕೆ ಕೈ ಚಾಚಿದವಳು ಹಿಂದಕ್ಕೆಳೆದುಕೊಂಡಳು. ಸೆರಗಿಗೆ ಒರೆಸಿಕೊಂಡಳು. ಬೆರಳುಗಳ ಸಂದಿ ಒರೆಸಿಕೊಂಡಳು. ಬಿಸಿಲಿಗೆ ಹಿಡಿದು ನೋಡಿಕೊಂಡಳು. ಜನ್ಮದಲ್ಲಿ ಒಣಗದ ಕೈಗಳವು. ಕೊನೆಗೆ ಅಂಗೈಗಳ ಮೇಲೆ ತಗೊಂಡಳು, ಬೆರಳು ಮಡಚಲಿಲ್ಲ.

“ಏನಂತ ಬರದಾರ?”

ನನ್ನ ಹೆಸರು ಓದಿದೆ. ಇಂಥವನ ಮಗ ಎಂದು ಅಪ್ಪನ ಹೆಸರೂ ಓದಿದೆ. ದೊಡ್ಡಪ್ಪ ಕಟ್ಟೆಯಿಂದ ಇಳಿದ. ಮಣಿಕಟ್ಟಿನಿಂದ ಮೊಣಕೈವರೆಗೆ ಬಿಳಿಗೆರೆ ಎದ್ದ ಆ ಕೈ ಚಾಚಿ “ನನ್ನ ತಮ್ಮನ ಹೆಸರು ಎಲ್ಲೈತಿ?” ಎಂದ. ಅವನ ಬೆರಳು ಹಿಡಿದು ಅಲ್ಲಿಗೆ ಇಟ್ಟೆ. ಬಹಳ ಹೊತ್ತು ತೆಗೆಯಲಿಲ್ಲ.

ಆಮೇಲೆ ಕಾಗದ ಎತ್ತಿಕೊಂಡ. ನನಗೆ ಕೊಡಲಿಲ್ಲ, ಅವ್ವನಿಗೂ ಕೊಡಲಿಲ್ಲ. ತಿರುಗಿ ಅದೇ ಅಂಗೈಗಳ ಮೇಲೆ ಇಟ್ಟ.

“ಯಕ್ಕಾ,” ಎಂದ, “ಈ ಸಲಾ ಒಣಾ ಜಾಗಾದಾಗ ಇಡು.”